ಕಾಲೇಜಾ, ಅಪ್ರೆಂಟಿಸ್‌ಶಿಪ್ಪಾ? ಎಂಜಿನಿಯರಿಂಗ್‌ಗೆ ಹೋಗುವ ದಾರಿಗಳನ್ನು ಹೋಲಿಸಿ ನೋಡೋಣ

ಡಿಸೈನ್ ವಿಭಾಗದಿಂದ ಒಂದು ಡ್ರಾಯಿಂಗ್ ವರ್ಕ್‌ಶಾಪಿಗೆ ಬಂದಿತ್ತು. ಅಲ್ಯೂಮಿನಿಯಂ ಬ್ಲಾಕಿನೊಳಗೆ 40 ಮಿ.ಮೀ. ಆಳದ ಚೌಕದ ಗುಳಿ ತೆಗೆಯಬೇಕು. ಒಳಗಿನ ನಾಲ್ಕೂ ಮೂಲೆ ಚೂಪಾಗಿರಬೇಕು. ಕಾಗದದ ಮೇಲೆ ಬಹಳ ಚೆಂದ ಕಾಣುತ್ತಿತ್ತು. ಎರಡನೇ ವರ್ಷದ ಅಪ್ರೆಂಟಿಸ್ ಹುಡುಗಿಯೊಬ್ಬಳು ಅದನ್ನು ನೋಡಿ, "ಸಾರ್, ಕಟ್ಟರ್ ದುಂಡಗಿರುತ್ತಲ್ವಾ? ಮೂಲೆ ಹೇಗೆ ಚೂಪಾಗಿ ಬರುತ್ತೆ?" ಅಂದಳು. ಮಿಲ್ಲಿಂಗ್ ಕಟ್ಟರ್ ತಿರುಗುತ್ತಾ ಲೋಹ ತೆಗೆಯುತ್ತದೆ. ಹಾಗಾಗಿ ಅದು ಹೋದ ಕಡೆ ಒಳಮೂಲೆ ದುಂಡಗೇ ಉಳಿಯುತ್ತದೆ. ಚೂಪೇ ಬೇಕು ಅಂದರೆ ಇಡಿಎಂ ಮೆಷಿನ್ನಿಗೆ ಹಾಕಿ ಕಿಡಿಯಿಂದ ಕೊರೆಯಬೇಕು. ಸಮಯವೂ ಜಾಸ್ತಿ, ಖರ್ಚೂ ಜಾಸ್ತಿ. ಆ ಡ್ರಾಯಿಂಗ್ ಮಾಡಿದವನು ಕ್ಲಾಸಿಗೇ ಫಸ್ಟ್ ಬಂದ ಎಂಜಿನಿಯರ್. ದಡ್ಡನೇನಲ್ಲ. ಅವನನ್ನು ಯಾರೂ ಮಿಲ್ಲಿಂಗ್ ಮೆಷಿನ್ ಮುಂದೆ ನಿಲ್ಲಿಸಿರಲಿಲ್ಲ, ಅಷ್ಟೇ.

ಅದೇ ವರ್ಷ ಇದರ ಉಲ್ಟಾ ಕಥೆಯೂ ನಡೆಯಿತು. ನಿಮಿಷಕ್ಕೆ 1,500 ಸುತ್ತು ತಿರುಗುವ ಮೋಟಾರೊಂದನ್ನು ಹೊತ್ತಿದ್ದ ಬ್ರಾಕೆಟ್, ಕೆಲವು ತಿಂಗಳಿಗೊಮ್ಮೆ ಬೆಸುಗೆಯ ಹತ್ತಿರ ಬಿರುಕು ಬಿಡುತ್ತಿತ್ತು. ಇಪ್ಪತ್ತು ವರ್ಷ ಅನುಭವವಿದ್ದ ಫಿಟ್ಟರ್ 6 ಮಿ.ಮೀ. ಪ್ಲೇಟಿನ ಜಾಗಕ್ಕೆ 8 ಮಿ.ಮೀ. ಹಾಕಿದರು. ಎಲ್ಲರೂ ಇನ್ನು ತೊಂದರೆಯಿಲ್ಲ ಅಂದುಕೊಂಡೆವು. ಅದು ಮೊದಲಿಗಿಂತ ಬೇಗ ಬಿರುಕು ಬಿಟ್ಟಿತು. ಕೊನೆಗೆ ಹೊಸದಾಗಿ ಸೇರಿದ್ದ ಒಬ್ಬ ಪದವೀಧರ ಕೂತು ಲೆಕ್ಕ ಹಾಕಿದ. 1,500 ಸುತ್ತು ಅಂದರೆ ಸೆಕೆಂಡಿಗೆ 25 ಕಂಪನ. ಹಳೆಯ ಬ್ರಾಕೆಟ್ಟಿನ ಸಹಜ ಕಂಪನ, ಅಂದರೆ ತಟ್ಟಿದರೆ ಅದು ತಾನಾಗೇ ಅಲುಗುವ ವೇಗ, ಅದಕ್ಕಿಂತ ಕೆಳಗಿತ್ತು. ಎರಡೂ ಹತ್ತಿರ ಬಂದರೆ ಅಲುಗಾಟ ವಿಪರೀತ ಏರುತ್ತದೆ. ಪ್ಲೇಟ್ ದಪ್ಪ ಮಾಡಿದ್ದರಿಂದ ಅದು ಮೇಲೇರಿ, ಸರಿಯಾಗಿ 25ರ ಪಕ್ಕ ಬಂದು ಕೂತಿತ್ತು! ಅಡ್ಡಕ್ಕೆ ಒಂದು ರಿಬ್ ಹಾಕಿ ಇನ್ನಷ್ಟು ಬಿಗಿ ಮಾಡಿದ ಮೇಲೆ ಬಿರುಕು ನಿಂತಿತು.

ಕಾಲೇಜು ಮೇಲೋ ಅಪ್ರೆಂಟಿಸ್‌ಶಿಪ್ ಮೇಲೋ ಅಂತ ಯಾರಾದರೂ ಕೇಳಿದಾಗ ನನಗೆ ಈ ಎರಡೂ ಒಟ್ಟಿಗೇ ನೆನಪಾಗುತ್ತವೆ. ಮೊದಲೇ ಹೇಳಿಬಿಡುತ್ತೇನೆ: ನಾನು ಅಪ್ರೆಂಟಿಸ್ ಆಗಿ ಶುರು ಮಾಡಿ, ಆಮೇಲೆ ಸಂಜೆ ಕಾಲೇಜಿನಲ್ಲಿ ಪದವಿ ಮುಗಿಸಿದವನು. ಸ್ವಲ್ಪ ಪಕ್ಷಪಾತ ಇದ್ದೇ ಇರುತ್ತದೆ. ಓದುವಾಗ ಅದನ್ನು ಗಮನದಲ್ಲಿಟ್ಟುಕೊಳ್ಳಿ.

ಹೆಸರು ಒಂದೇ, ಒಳಗಿನ ಮಾಲು ಬೇರೆ

ಅಪ್ರೆಂಟಿಸ್‌ಶಿಪ್ ಅನ್ನುವ ಪದ ಕೇಳಿ ಹೂಂ ಅನ್ನಲೂ ಬೇಡಿ, ಬೇಡ ಅನ್ನಲೂ ಬೇಡಿ. ಬರೀ ಆ ಪದದಿಂದ ಏನೂ ಗೊತ್ತಾಗುವುದಿಲ್ಲ. ಇಂಗ್ಲೆಂಡಿನಲ್ಲಿ 1563ರ ಕಾನೂನು ಕಸುಬು ಕಲಿಯಲು ಕನಿಷ್ಠ 7 ವರ್ಷ ಅಂದಿತ್ತು. ಈಗ ಅದೇ ಇಂಗ್ಲೆಂಡಿನಲ್ಲಿ ಕನಿಷ್ಠ ಅವಧಿ 8 ತಿಂಗಳು. 2025ರ ಆಗಸ್ಟ್‌ವರೆಗೆ ಅದು 12 ತಿಂಗಳಿತ್ತು. ಜರ್ಮನಿಯಲ್ಲಿ ಮೆಕಟ್ರಾನಿಕ್ಸ್ (ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಎರಡೂ ಸೇರಿದ ಕಸುಬು) ಕಲಿಯಲು ಸೇರಿದರೆ ಮೂರೂವರೆ ವರ್ಷ. ಸ್ವಿಟ್ಜರ್ಲೆಂಡಿನಲ್ಲಿ ಯಂತ್ರದ ಭಾಗಗಳನ್ನು ಮಾಡುವ ಪಾಲಿಮೆಕ್ಯಾನಿಕ್ ಆಗಲು ನಾಲ್ಕು ವರ್ಷ. ಅಮೆರಿಕದಲ್ಲಿ ನೋಂದಾಯಿತ ಅಪ್ರೆಂಟಿಸ್‌ಶಿಪ್ಪನ್ನು ಗಂಟೆ ಲೆಕ್ಕದಲ್ಲಿ ಅಳೆಯುವುದಾದರೆ ಕೆಲಸದ ಜಾಗದಲ್ಲಿ ಕನಿಷ್ಠ 2,000 ಗಂಟೆ ಆಗಬೇಕು. ಅದರ ಜೊತೆಗೆ ವರ್ಷಕ್ಕೆ 144 ಗಂಟೆ ಪಾಠ ಇರಲಿ ಅನ್ನುವುದು ಅಲ್ಲಿನ ಶಿಫಾರಸು.

ಹಾಗಾಗಿ "ಅಪ್ರೆಂಟಿಸ್‌ಶಿಪ್ ಸಿಕ್ತು" ಅಂತ ಯಾರಾದರೂ ಹೇಳಿದರೆ ನಾನು ಎರಡು ಪ್ರಶ್ನೆ ಕೇಳುತ್ತೇನೆ. ಎಷ್ಟು ದಿನದ್ದು? ಮುಗಿದ ಮೇಲೆ ಕೈಗೆ ಬರುವ ಕಾಗದ ಇಟ್ಟುಕೊಂಡು ಮುಂದೆ ಯಾವ ಮೆಟ್ಟಿಲು ಹತ್ತಬಹುದು? ನನ್ನ ಪ್ರಕಾರ ಈ ಎರಡನೆಯದೇ ಮುಖ್ಯ ಪ್ರಶ್ನೆ. ಯಾವ ಬಾಗಿಲಿನಿಂದ ಒಳಗೆ ಬಂದಿರಿ ಅನ್ನುವುದನ್ನು ಹತ್ತು ವರ್ಷದ ಮೇಲೆ ಯಾರೂ ಕೇಳುವುದಿಲ್ಲ. ಆ ಬಾಗಿಲಿನ ಆಚೆ ಮೆಟ್ಟಿಲು ಇತ್ತಾ, ಗೋಡೆ ಇತ್ತಾ ಅನ್ನುವುದು ಮಾತ್ರ ಜೀವನಪೂರ್ತಿ ಕಾಡುತ್ತದೆ.

ಹೋಲಿಕೆಗೆ ನಾಲ್ಕು ದಾರಿ ತೆಗೆದುಕೊಂಡಿದ್ದೇನೆ. ಶಾಲೆ ಮುಗಿಸಿ ನೇರ ವರ್ಕ್‌ಶಾಪಿಗೆ ಸೇರುವ ಟ್ರೇಡ್ ಅಥವಾ ಟೆಕ್ನಿಷಿಯನ್ ಅಪ್ರೆಂಟಿಸ್‌ಶಿಪ್. ಮೂರು-ನಾಲ್ಕು ವರ್ಷದ ಫುಲ್‌ಟೈಮ್ ಪದವಿ. ಕೆಲಸ ಮಾಡುತ್ತಲೇ ಪದವಿ ಓದುವ ಡಿಗ್ರಿ ಅಪ್ರೆಂಟಿಸ್‌ಶಿಪ್. ಕೊನೆಯದು, ಡಿಪ್ಲೊಮಾ ಅಥವಾ ಪದವಿ ಮುಗಿಸಿಕೊಂಡು ಆಮೇಲೆ ಅಪ್ರೆಂಟಿಸ್ ಆಗುವುದು.

ವರ್ಕ್‌ಶಾಪಿನ ದಾರಿ

ಮೊದಲ ವಾರ ಏನು ಮಾಡಿಸುತ್ತಾರೆ ಗೊತ್ತಾ? ಒಂದು ಕಬ್ಬಿಣದ ತುಂಡು, ಒಂದು ಅರ, ಒಂದು ವೈಸ್. ತುಂಡನ್ನು ವೈಸಿಗೆ ಕಚ್ಚಿಸಿ ಅರದಿಂದ ಉಜ್ಜಬೇಕು. ಮೊದಲು ಒಂದು ಮುಖ ಸಪಾಟಾಗಬೇಕು. ಆಮೇಲೆ ಪಕ್ಕದ ಮುಖ ಅದಕ್ಕೆ ನೇರ ತೊಂಬತ್ತು ಡಿಗ್ರಿಗೆ ಬರಬೇಕು. ಮೂಲೆಮಟ್ಟ ಇಟ್ಟು ಬೆಳಕಿಗೆ ಹಿಡಿದರೆ ನಡುವೆ ಕೂದಲೆಳೆಯಷ್ಟು ಬೆಳಕು ನುಸುಳುತ್ತದೆ. ಎಡಗಡೆ ಉಬ್ಬು. ಅಲ್ಲಿ ಉಜ್ಜಿದರೆ ಬಲಗಡೆ ಎದ್ದು ಕೂರುತ್ತದೆ. ಎರಡೂ ಕೈಯ ಭಾರ ಸಮನಾಗಿ ಬೀಳದಿದ್ದರೆ ಮುಖ ಗುಡ್ಡದ ಹಾಗೆ ಆಗುತ್ತದೆ. ಮೂರನೇ ದಿನಕ್ಕೆ ಅಂಗೈಯಲ್ಲಿ ಬೊಬ್ಬೆ. ನನ್ನ ತುಂಡು ಸರಿಯಾಗುವಷ್ಟರಲ್ಲಿ ಅರ್ಧಕ್ಕರ್ಧ ಸವೆದೇ ಹೋಗಿತ್ತು. ಫೋರ್‌ಮನ್ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, "ಚೌಕ ಬಂದಿದೆ, ಅಳತೆ ಎಲ್ಲಿ?" ಅಂದರು. ಮತ್ತೆ ಹೊಸ ತುಂಡು.

ಕಂಪ್ಯೂಟರೇ ಮೆಷಿನ್ ನಡೆಸುವ ಈಗಿನ ಸಿಎನ್‌ಸಿ ಕಾಲದಲ್ಲಿ ಇದೆಲ್ಲ ಯಾಕೆ ಅಂತ ನನಗೂ ಅನಿಸಿತ್ತು. ಆಮೇಲೆ ಅರ್ಥವಾಯಿತು. 0.1 ಮಿ.ಮೀ. ಅಂದರೆ ಎಷ್ಟು ಅನ್ನುವುದು ಆ ವಾರದಲ್ಲಿ ಕೈಗೆ ಇಳಿಯುತ್ತದೆ. ಡ್ರಾಯಿಂಗಿನ ಮೇಲೆ ಟಾಲರೆನ್ಸ್ (ಅಳತೆ ಎಷ್ಟು ಹೆಚ್ಚುಕಮ್ಮಿ ಆಗಬಹುದು ಅನ್ನುವ ಮಿತಿ) 0.02 ಅಂತ ಬರೆಯುವುದು ಸುಲಭ. ಅದನ್ನು ತೆಗೆಯುವವರ ಪಾಡು ಏನು ಅಂತ ಗೊತ್ತಿದ್ದವರು ಸುಮ್ನೆ ಹಾಗೆ ಬರೆಯುವುದಿಲ್ಲ. ಬೋಲ್ಟ್ ಬಿಗಿ ಮಾಡಲು ಸ್ಪ್ಯಾನರ್ ತಿರುಗೋಕೆ ಜಾಗ ಬೇಕು, ಬೇರಿಂಗ್ ಕಳಚಲು ಪುಲ್ಲರ್ ಹಿಡಿಯೋಕೆ ಅಂಚು ಬೇಕು. ಇಂಥವು ಪುಸ್ತಕದಲ್ಲೂ ಇರುತ್ತವೆ. ಆದರೆ ಮೊಣಕೈ ಸಿಕ್ಕಿಹಾಕಿಕೊಂಡಾಗ ಕಲಿತದ್ದು ಮರೆಯುವುದಿಲ್ಲ.

ಜೊತೆಗೆ ಮೊದಲ ತಿಂಗಳಿಂದ ಸ್ಟೈಪೆಂಡೋ ಸಂಬಳವೋ ಬರುತ್ತದೆ. ಮನೆಗೆ ಹೊರೆಯಾಗದೆ ಕಲಿಯಬಹುದು. ಹಣದ ಕಷ್ಟ ಇರುವವರಿಗೆ ಇದರ ಬೆಲೆ ಏನು ಅಂತ ನಾನು ಬಿಡಿಸಿ ಹೇಳಬೇಕಾಗಿಲ್ಲ.

ಈ ದಾರಿಯ ಇತಿಹಾಸವೂ ದೊಡ್ಡದು. 19ನೇ ಶತಮಾನದ ಶುರುವಿನಲ್ಲಿ ಲಂಡನ್ನಿನ ಹೆನ್ರಿ ಮಾಡ್ಸ್‌ಲೆ ವರ್ಕ್‌ಶಾಪಿನಲ್ಲಿ ಕೆಲಸ ಮಾಡಿದವರ ಪೈಕಿ ಜೋಸೆಫ್ ವಿಟ್‌ವರ್ತ್ ಒಬ್ಬರು. ಸ್ಕ್ರೂ ಥ್ರೆಡ್‌ಗೆ ಒಂದೇ ಅಳತೆ ಇರಲಿ ಅಂತ 1841ರಲ್ಲಿ ಪ್ರಸ್ತಾಪ ಇಟ್ಟವರು ಅವರೇ. ಹಬೆಯಿಂದ ನಡೆಯುವ ಸುತ್ತಿಗೆಗೆ ಹೆಸರಾದ ಜೇಮ್ಸ್ ನಾಸ್ಮಿತ್ ಕೂಡ ಅಲ್ಲಿಂದಲೇ ಬಂದವರು. ರೋಲ್ಸ್ ರಾಯ್ಸ್‌ನ ಹೆನ್ರಿ ರಾಯ್ಸ್ ರೈಲ್ವೆ ವರ್ಕ್‌ಶಾಪಿನಲ್ಲಿ ಅಪ್ರೆಂಟಿಸ್ ಆಗಿದ್ದವರು. ಹಣ ಸಾಲದೆ ಅದನ್ನು ಪೂರ್ತಿ ಮುಗಿಸಲೂ ಆಗಲಿಲ್ಲ. ಹೆನ್ರಿ ಫೋರ್ಡ್ 1879ರಲ್ಲಿ 16ನೇ ವಯಸ್ಸಿಗೆ ಡೆಟ್ರಾಯಿಟ್‌ಗೆ ಹೋಗಿ ಮೆಷಿನಿಸ್ಟ್ ಕೆಲಸ ಕಲಿಯಲು ಸೇರಿದರು.

ಆದರೆ ಈ ಹೆಸರುಗಳನ್ನು ಹೇಳಿ ಯಾರಾದರೂ ನಿಮ್ಮನ್ನು ಹುರಿದುಂಬಿಸಿದರೆ ಸ್ವಲ್ಪ ಹುಷಾರು. ಆಗ ಎಂಜಿನಿಯರಿಂಗ್ ಕಾಲೇಜುಗಳೇ ಅಪರೂಪ. ವರ್ಕ್‌ಶಾಪೇ ಕಾಲೇಜು. ಈಗ ದೊಡ್ಡ ಕಂಪನಿಯ ನೇಮಕಾತಿ ಫಾರಂನಲ್ಲಿ ಪದವಿ ಅಂತ ಒಂದು ಖಾನೆ ಇರುತ್ತದೆ. ಅದು ಖಾಲಿಯಿದ್ದರೆ ಎಷ್ಟೋ ಕಡೆ ಕಂಪ್ಯೂಟರೇ ಅರ್ಜಿಯನ್ನು ಪಕ್ಕಕ್ಕೆ ತಳ್ಳುತ್ತದೆ.

ಇನ್ನೊಂದು ಅಪಾಯ, ಕಲಿಸದೆ ದುಡಿಸಿಕೊಳ್ಳುವುದು. ಹೆಸರಿಗೆ ಅಪ್ರೆಂಟಿಸ್, ಮಾಡುವುದು ಒಂದೇ ಡ್ರಿಲ್ಲಿಂಗ್ ಮೆಷಿನ್ ಮುಂದೆ ನಿಂತು ವರ್ಷಗಟ್ಟಲೆ ಒಂದೇ ತೂತು. ಇದನ್ನು ತಡೆಯಲು ಜರ್ಮನಿಯಲ್ಲಿ 1969ರಿಂದ ಕಾನೂನೇ ಇದೆ. ಅಲ್ಲಿ ವೃತ್ತಿಶಾಲೆಗೆ ಹೋಗುವ ದಿನ ಕಂಪನಿಯವರು ಕೆಲಸದಿಂದ ಬಿಡುವು ಕೊಡಲೇಬೇಕು. ಏನು ಕಲಿತೆ ಅಂತ ಅಪ್ರೆಂಟಿಸ್ ಬರೆದಿಡಬೇಕು. ಪರೀಕ್ಷೆ ನಡೆಸುವುದು ಕಂಪನಿಯಲ್ಲ, ಹೊರಗಿನ ವಾಣಿಜ್ಯ ಮಂಡಳಿ. ಕಲಿಸಿದವರೇ ಪಾಸ್ ಮಾಡುವ ಹಾಗಿಲ್ಲ ಅನ್ನುವುದು ಸಣ್ಣ ವಿಷಯ ಅನಿಸಬಹುದು. ಆ ಸರ್ಟಿಫಿಕೇಟನ್ನು ಬೇರೆ ಕಂಪನಿಯವರು ನಂಬುವುದು ಬಹಳಮಟ್ಟಿಗೆ ಇದರಿಂದಲೇ.

ಫುಲ್‌ಟೈಮ್ ಪದವಿ

ಇದರ ಬಗ್ಗೆ ಎಲ್ಲರಿಗೂ ಗೊತ್ತಿರುವುದರಿಂದ ಹೆಚ್ಚು ಬರೆಯುವುದಿಲ್ಲ. ಆದರೆ ಅಪ್ರೆಂಟಿಸ್‌ಶಿಪ್ಪನ್ನು ಹೊಗಳುವ ಉತ್ಸಾಹದಲ್ಲಿ ಪದವಿಯನ್ನು ಬರೀ ಪುಸ್ತಕದ ಬದನೆಕಾಯಿ ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಆ ಬ್ರಾಕೆಟ್ ನೆನಪಿದೆಯಲ್ಲ? ಪ್ಲೇಟಿನ ದಪ್ಪ ಮೂರನೇ ಒಂದರಷ್ಟು ಏರಿದರೆ ಬಾಗುವುದಕ್ಕೆ ಅದು ಒಡ್ಡುವ ಬಿಗಿ ಎರಡು ಪಟ್ಟಿಗಿಂತ ಜಾಸ್ತಿಯಾಗುತ್ತದೆ. ಬಿಗಿ ಏರಿದರೆ ಕಂಪನದ ಸಂಖ್ಯೆಯೂ ಏರುತ್ತದೆ. ಇದು ಕಣ್ಣಿಗೆ ಕಾಣುವುದಿಲ್ಲ, ಕೈಗೂ ಸಿಗುವುದಿಲ್ಲ. ಕಾಗದದ ಮೇಲೆ ಮಾತ್ರ ಸಿಗುತ್ತದೆ. ಇಪ್ಪತ್ತು ವರ್ಷದ ಅನುಭವ ಅಲ್ಲಿ ಉಲ್ಟಾ ದಾರಿಗೇ ಕರೆದುಕೊಂಡು ಹೋಗಿತ್ತು.

ಸೇತುವೆಯ ಲೆಕ್ಕ, ಚಿಪ್ ಡಿಸೈನ್, ವಿಮಾನದ ರೆಕ್ಕೆಯ ಮೇಲಿನ ಗಾಳಿಯ ಒತ್ತಡ, ಕಂಟ್ರೋಲ್ ಸಿಸ್ಟಮ್ ಇಂಥ ಕೆಲಸಗಳ ಮೇಲೆ ಕಣ್ಣಿದ್ದರೆ ಪದವಿ ಬಿಟ್ಟು ಬೇರೆ ದಾರಿ ಹುಡುಕಬೇಡಿ. ಸುತ್ತಿ ಬಳಸಿ ಬಂದರೂ ಕೊನೆಗೆ ಆ ಗಣಿತ ಕಲಿಯಲೇಬೇಕು.

ಎರಡನೆಯ ಕಾರಣ ಪಕ್ಕಾ ಕಾಗದದ್ದು. ಕೆನಡಾದಲ್ಲಿ ಸಾಮಾನ್ಯವಾಗಿ ಲೈಸೆನ್ಸ್ ಇಲ್ಲದವರು ತಮ್ಮನ್ನು ಎಂಜಿನಿಯರ್ ಅಂತ ಕರೆದುಕೊಳ್ಳುವ ಹಾಗಿಲ್ಲ. ಜರ್ಮನಿಯಲ್ಲೂ ಆ ಬಿರುದಿಗೆ ಕಾನೂನಿನ ಕಾವಲಿದೆ. ಅಮೆರಿಕದಲ್ಲಿ ಪ್ರೊಫೆಷನಲ್ ಎಂಜಿನಿಯರ್ ಆಗಲು ಸಾಮಾನ್ಯವಾಗಿ ಮಾನ್ಯತೆ ಪಡೆದ ಪದವಿ, ಎರಡು ಪರೀಕ್ಷೆ, ನಾಲ್ಕು ವರ್ಷದ ಅನುಭವ ಬೇಕು. ಬ್ರಿಟನ್ ಸ್ವಲ್ಪ ಸಡಿಲ. ಅಲ್ಲಿ ಎಂಜಿನಿಯರ್ ಅಂತ ಯಾರು ಬೇಕಾದರೂ ಹೇಳಿಕೊಳ್ಳಬಹುದು. ಚಾರ್ಟರ್ಡ್ ಎಂಜಿನಿಯರ್ ಅನ್ನುವ ಹೆಸರಿಗೆ ಮಾತ್ರ ಕಾವಲು. ಪದವಿ ಇಲ್ಲದವರೂ ತಮ್ಮ ಕೆಲಸದ ಮೂಲಕ ಅಷ್ಟೇ ತಿಳುವಳಿಕೆ ಇದೆ ಅಂತ ತೋರಿಸಿ ಅದನ್ನು ಪಡೆಯುವ ದಾರಿ ಅಲ್ಲಿದೆ. ಕಷ್ಟದ ದಾರಿ, ಆದರೆ ಬಾಗಿಲು ಮುಚ್ಚಿಲ್ಲ.

ದೇಶ ಬಿಟ್ಟು ದೇಶಕ್ಕೆ ಹೋಗುವ ಯೋಚನೆ ಇರುವವರು ಇನ್ನೊಂದು ವಿಷಯ ತಿಳಿದಿರಬೇಕು. ಒಂದು ದೇಶದ ಎಂಜಿನಿಯರಿಂಗ್ ಓದನ್ನು ಇನ್ನೊಂದು ದೇಶ ಒಪ್ಪಿಕೊಳ್ಳಲು ಮೂರು ಒಪ್ಪಂದಗಳಿವೆ. 1989ರ ವಾಷಿಂಗ್ಟನ್ ಒಪ್ಪಂದ ಪೂರ್ಣ ಎಂಜಿನಿಯರಿಂಗ್ ಪದವಿಗೆ. 2001ರ ಸಿಡ್ನಿ ಒಪ್ಪಂದ ಟೆಕ್ನಾಲಜಿಸ್ಟ್ ಹಂತಕ್ಕೆ. 2002ರ ಡಬ್ಲಿನ್ ಒಪ್ಪಂದ ಟೆಕ್ನಿಷಿಯನ್ ಹಂತಕ್ಕೆ. ನೀವು ಓದುವ ಕೋರ್ಸ್ ಯಾವುದರ ಕೆಳಗೆ ಬರುತ್ತದೆ, ಅಥವಾ ಯಾವುದರ ಕೆಳಗೂ ಬರುವುದಿಲ್ಲವಾ ಅಂತ ಸೇರುವ ಮೊದಲೇ ವಿಚಾರಿಸಿ. ಕಾಲೇಜಿನ ಹೆಸರು ದೊಡ್ಡದಿದ್ದ ಮಾತ್ರಕ್ಕೆ ಅಲ್ಲಿನ ಪ್ರತಿ ಕೋರ್ಸಿಗೂ ಮಾನ್ಯತೆ ಇರುತ್ತದೆ ಅಂತೇನಿಲ್ಲ.

ಪದವಿಯ ಕೊರತೆ ಎಲ್ಲರಿಗೂ ಗೊತ್ತು. ನಾಲ್ಕು ವರ್ಷ ಫೀಸು ಕಟ್ಟಬೇಕು, ಅಷ್ಟೂ ದಿನ ದುಡಿಮೆ ಇಲ್ಲ. ಮುಗಿಸಿ ಬಂದಾಗ ಕೈಕೆಲಸ ಬಂದಿರುವುದಿಲ್ಲ. ಆದರೆ ಈ ಕೈಕೆಲಸದ ಕೊರತೆಯನ್ನು ತುಂಬಿಕೊಳ್ಳುವುದು ಅಷ್ಟು ಕಷ್ಟವಲ್ಲ. ರಜೆಯಲ್ಲಿ ಇಂಟರ್ನ್‌ಶಿಪ್ ಮಾಡಿ, ಕಾಲೇಜಿನ ವರ್ಕ್‌ಶಾಪಿನಲ್ಲಿ ಲ್ಯಾಬ್ ಅವಧಿ ಮುಗಿದ ಮೇಲೂ ಉಳಿದುಕೊಳ್ಳಿ. ಗಣಿತದ ಕೊರತೆಯನ್ನು ಮೂವತ್ತರ ಮೇಲೆ ತುಂಬಿಕೊಳ್ಳುವುದು ಅದಕ್ಕಿಂತ ಎಷ್ಟೋ ಕಷ್ಟ. ಸ್ವಂತ ಅನುಭವದಿಂದ ಹೇಳುತ್ತಿದ್ದೇನೆ.

ಕೆಲಸವೂ ಓದೂ ಒಟ್ಟಿಗೆ

ಈ ಯೋಚನೆ ಹೊಸದಲ್ಲ. 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಅನ್ನುವ ಪ್ರೊಫೆಸರ್ ಎಂಜಿನಿಯರಿಂಗ್ ವಿದ್ಯಾರ್ಥಿಗಳನ್ನು ಸರದಿಯಂತೆ ಕ್ಲಾಸಿಗೂ ಕಾರ್ಖಾನೆಗೂ ಕಳಿಸುವ ಪದ್ಧತಿ ಶುರು ಮಾಡಿದರು. ಅದನ್ನು ಕೋ-ಆಪ್ ಅನ್ನುತ್ತಾರೆ. ಜರ್ಮನಿಯ ಸ್ಟುಟ್‌ಗಾರ್ಟ್ ಭಾಗದಲ್ಲಿ 1974ರಲ್ಲಿ ಇಂಥದ್ದೇ ವ್ಯವಸ್ಥೆ ಬಂತು. ಅದು 2009ರಲ್ಲಿ ವಿಶ್ವವಿದ್ಯಾಲಯದ ರೂಪ ಪಡೆಯಿತು. ಅಲ್ಲಿ ಸುಮಾರು ಮೂರು ತಿಂಗಳು ಪಾಠ, ಮೂರು ತಿಂಗಳು ಕಂಪನಿ, ಮತ್ತೆ ಪಾಠ. ಇಂಗ್ಲೆಂಡಿನಲ್ಲಿ ಡಿಗ್ರಿ ಅಪ್ರೆಂಟಿಸ್‌ಶಿಪ್ ಶುರುವಾದದ್ದು 2015ರಲ್ಲಿ. ವಿದ್ಯಾರ್ಥಿ ಫೀಸು ಕಟ್ಟುವುದಿಲ್ಲ. ಸಂಬಳ ಬರುತ್ತದೆ, ಕೊನೆಗೆ ಪೂರ್ಣ ಪದವಿಯೂ ಸಿಗುತ್ತದೆ.

ಮೇರಿ ಬಾರಾ ಹೆಸರು ಕೇಳಿರಬಹುದು. 1980ರಲ್ಲಿ, 18ನೇ ವಯಸ್ಸಿಗೆ ಜನರಲ್ ಮೋಟಾರ್ಸ್‌ಗೆ ಕೋ-ಆಪ್ ವಿದ್ಯಾರ್ಥಿಯಾಗಿ ಸೇರಿದರು. ಕಾರಿನ ಫೆಂಡರ್, ಬಾನೆಟ್ ಸರಿಯಾಗಿದೆಯಾ ಅಂತ ಪರೀಕ್ಷಿಸುವ ಕೆಲಸ. ಆ ದುಡ್ಡಿನಲ್ಲಿ ಫೀಸು ಕಟ್ಟಿ ಎಲೆಕ್ಟ್ರಿಕಲ್ ಎಂಜಿನಿಯರಿಂಗ್ ಓದಿದರು. 2014ರಲ್ಲಿ ಅದೇ ಕಂಪನಿಯ ಸಿಇಒ ಆದರು. ಎಲ್ಲರೂ ಸಿಇಒ ಆಗುತ್ತಾರೆ ಅಂತಲ್ಲ. ಈ ದಾರಿಗೆ ಮೇಲೆ ಮುಚ್ಚಳ ಇಲ್ಲ ಅನ್ನುವುದಕ್ಕೆ ಹೇಳಿದೆ.

ಸಿಕ್ಕರೆ ಇದೇ ಎಲ್ಲಕ್ಕಿಂತ ಒಳ್ಳೆಯದು ಅಂತ ನನ್ನ ಅಭಿಪ್ರಾಯ. ಆದರೆ ಆ 'ಸಿಕ್ಕರೆ' ದೊಡ್ಡ ಮಾತು. ಸೀಟು ಕಡಿಮೆ, ಬೇಕು ಅನ್ನುವವರು ಜಾಸ್ತಿ. ಮಾರ್ಕ್ಸ್ ಜೊತೆಗೆ ಕಂಪನಿಯ ಇಂಟರ್‌ವ್ಯೂನಲ್ಲೂ ಗೆಲ್ಲಬೇಕು. ಸಿಕ್ಕವರಿಗೆ ಬೇರೆ ಕಷ್ಟಗಳಿವೆ. ಗೆಳೆಯರು ಬೇಸಿಗೆ ರಜೆಯಲ್ಲಿ ಊರು ಸುತ್ತುವಾಗ ನೀವು ಶಿಫ್ಟ್ ಮೇಲೆ ಇರುತ್ತೀರಿ. ಪರೀಕ್ಷೆಯ ವಾರ ಬಂದರೂ ಕೆಲಸ ಕೆಲಸವೇ. ವಿಷಯದ ಆಯ್ಕೆ ಕಂಪನಿಗೆ ಏನು ಬೇಕೋ ಅದರ ಮೇಲೆ ನಿಂತಿರುತ್ತದೆ. ಪಂಪ್ ಮಾಡುವ ಕಂಪನಿಗೆ ಸೇರಿ ರೋಬೋಟ್ ಓದುತ್ತೇನೆ ಅಂದರೆ ಆಗುವುದಿಲ್ಲ. ನಡುವೆ ಬಿಟ್ಟರೆ ಓದಿಸಿದ ಖರ್ಚು ವಾಪಸ್ ಕೊಡಬೇಕು ಅನ್ನುವ ಷರತ್ತು ಕೆಲವು ಕಡೆ ಇರುತ್ತದೆ. ಕಂಪನಿಯೇ ಮುಚ್ಚಿದರೆ? ಆಗ ಪದವಿ ಯಾರು ಮುಗಿಸಿಕೊಡುತ್ತಾರೆ ಅಂತ ಮೊದಲೇ ಕೇಳಿ. ಮುಜುಗರ ಪಡಬೇಡಿ.

ಓದು ಮುಗಿಸಿ ಅಪ್ರೆಂಟಿಸ್

ಡಿಪ್ಲೊಮಾ ಅಥವಾ ಪದವಿ ಮುಗಿಸಿದವರಿಗೆ ಒಂದು ವರ್ಷದ ಅಪ್ರೆಂಟಿಸ್‌ಶಿಪ್ ಕೊಡುವ ವ್ಯವಸ್ಥೆ ಕೆಲವು ದೇಶಗಳಲ್ಲಿದೆ. ಭಾರತದಲ್ಲಿ ಇದು 1961ರ ಅಪ್ರೆಂಟಿಸ್ ಕಾಯ್ದೆಯ ಕೆಳಗೆ ನಡೆಯುತ್ತದೆ. ಓದಿದ್ದಕ್ಕೂ ಕೆಲಸಕ್ಕೂ ನಡುವಿನ ಸೇತುವೆ ಇದು. ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಆಗದವರಿಗೆ, ಸುಮ್ನೆ ಮನೆಯಲ್ಲಿ ಕೂರುವ ಬದಲು, ಒಳ್ಳೆಯ ಅವಕಾಶ. ಒಂದು ಮಾತು ಮಾತ್ರ ನೆನಪಿರಲಿ. ಆ ಕಾಯ್ದೆಯ ಪ್ರಕಾರ ವರ್ಷ ಮುಗಿದ ಮೇಲೆ ಕೆಲಸ ಕೊಡಲೇಬೇಕು ಅನ್ನುವ ಬಾಧ್ಯತೆ ಕಂಪನಿಗಿಲ್ಲ. ಕೆಲಸ ಕೊಡುತ್ತೇವೆ ಅಂತ ಬಾಯಲ್ಲಿ ಹೇಳಿದ್ದರೆ ಕರಾರಿನಲ್ಲಿ ಬರೆಸಿಕೊಳ್ಳಿ. ಬರೆದುಕೊಡಲು ಒಪ್ಪದಿದ್ದರೆ ಒಂದು ವರ್ಷದ ಅನುಭವ ಅಷ್ಟೇ ಸಿಗುವುದು ಅಂತ ಮನಸ್ಸು ಗಟ್ಟಿ ಮಾಡಿಕೊಂಡು ಸೇರಿ. ಹಾಗಂತ ಒಂದು ಮುಗಿಸಿ ಇನ್ನೊಂದು ಕಡೆ ಮತ್ತೆ ತರಬೇತಿ, ಅದು ಮುಗಿಸಿ ಮತ್ತೊಂದು ಅಂತ ಅಲೆಯುವುದು ಬೇಡ.

ಯಾವ ಶಾಖೆಗೆ ಯಾವ ದಾರಿ

ಇದರ ಮೇಲೂ ಉತ್ತರ ಬದಲಾಗುತ್ತದೆ. ಟೂಲ್ ಅಂಡ್ ಡೈ, ಮೆಕಟ್ರಾನಿಕ್ಸ್, ಪ್ಲಾಂಟ್ ಮೇಂಟೆನೆನ್ಸ್, ವಿದ್ಯುತ್ ವಿತರಣೆ ಇವುಗಳಲ್ಲಿ ವರ್ಕ್‌ಶಾಪಿನಿಂದ ಬಂದವರ ತೂಕವೇ ಬೇರೆ. ರಾತ್ರಿ ಎರಡು ಗಂಟೆಗೆ ಲೈನ್ ನಿಂತಾಗ ಯಾರಿಗೆ ಫೋನ್ ಹೋಗುತ್ತದೆ ನೋಡಿ, ಗೊತ್ತಾಗುತ್ತದೆ. ವಿಮಾನ ಮೇಂಟೆನೆನ್ಸ್ ಇನ್ನೂ ಸ್ಪಷ್ಟ. ಅಲ್ಲಿ ನಡೆಯುವುದು ಲೈಸೆನ್ಸ್. ಯುರೋಪಿನ ನಿಯಮದಲ್ಲಿ ಅದಕ್ಕೆ ನಿಗದಿಯಾದ ಪರೀಕ್ಷೆಗಳು, ಕೆಲಸದ ಅನುಭವ ಬೇಕು. ಪದವಿ ಇರಲೇಬೇಕು ಅಂತಿಲ್ಲ.

ಸಿವಿಲ್‌ನಲ್ಲಿ ಸೈಟ್ ಕೆಲಸ ಬೇರೆ, ಡಿಸೈನ್ ಆಫೀಸ್ ಬೇರೆ. ಸೈಟಿನ ಕಡೆ ಅಪ್ರೆಂಟಿಸ್ ಆಗಿ ಬಂದರೆ ದೂರ ಹೋಗಬಹುದು. ಡಿಸೈನ್‌ಗೆ ಪದವಿಯೇ ಬೇಕು. ಚಿಪ್ ಡಿಸೈನ್‌ಗೆ ಪದವಿಯೂ ಸಾಲದೆ ಮಾಸ್ಟರ್ಸ್ ಕೇಳುವವರೇ ಜಾಸ್ತಿ. ಸಾಫ್ಟ್‌ವೇರ್ ಬೇರೆ ಲೋಕ. ಅಲ್ಲಿ ನೀವು ಮಾಡಿ ತೋರಿಸಿದ ಕೆಲಸಕ್ಕೆ ಕಾಗದಕ್ಕಿಂತ ಹೆಚ್ಚು ಬೆಲೆ ಕೊಡುವ ಕಂಪನಿಗಳೂ ಇವೆ.

ಸಹಿ ಹಾಕುವ ಮೊದಲು

ಅಪ್ರೆಂಟಿಸ್‌ಶಿಪ್ ಕಡೆ ಮನಸ್ಸು ಮಾಡಿದ್ದರೆ ಇದೇ ಎಲ್ಲಕ್ಕಿಂತ ಮುಖ್ಯ ಭಾಗ. ಕಂಪನಿಯ ಬ್ರೋಷರ್ ಪಕ್ಕಕ್ಕಿಡಿ. ಅಲ್ಲಿ ಈಗ ಮೂರನೇ ವರ್ಷದಲ್ಲಿರುವ ಒಬ್ಬ ಅಪ್ರೆಂಟಿಸ್ ಜೊತೆ ಮಾತಾಡಬೇಕು ಅಂತ ಕೇಳಿ. ಊಟದ ಹೊತ್ತಿನಲ್ಲಿ ಸಿಕ್ಕರೆ ಒಳ್ಳೆಯದು, ಎಚ್‌ಆರ್‌ನವರು ಪಕ್ಕದಲ್ಲಿ ಇರಬಾರದು. ಸಾಧ್ಯವಾದರೆ ಅವರ ಲಾಗ್‌ಬುಕ್, ಅಂದರೆ ದಿನಾ ಕಲಿತದ್ದನ್ನು ಬರೆದಿಡುವ ಪುಸ್ತಕ, ತೋರಿಸಿ ಅನ್ನಿ.

ಲಾಗ್‌ಬುಕ್ ಸುಳ್ಳು ಹೇಳುವುದಿಲ್ಲ. ಹೇಳಿದರೂ ಸಿಕ್ಕಿಬೀಳುತ್ತದೆ. ನಾನು ಕಂಡ ಒಂದು ಪುಸ್ತಕದಲ್ಲಿ ಜೂನ್‌ನಿಂದ ಅಕ್ಟೋಬರ್‌ವರೆಗೆ ಪ್ರತಿ ದಿನ "ಡ್ರಿಲ್ಲಿಂಗ್ ಕಲಿತೆ" ಅಂತ ಬರೆದಿತ್ತು. ಒಂದೇ ಪೆನ್ನು, ಒಂದೇ ಶಾಯಿ, ಕೆಳಗೆ ಒಂದೇ ದಿನ ಹಾಕಿದ ಹಾಗೆ ಕಾಣುವ ಸಹಿಗಳು. ಐದು ತಿಂಗಳು ಡ್ರಿಲ್ಲಿಂಗ್ ಕಲಿಯುವಂಥದ್ದು ಏನಿದೆ? ಇನ್ನೊಂದು ಕಡೆಯ ಪುಸ್ತಕದಲ್ಲಿ ಪುಟ ಪುಟಕ್ಕೂ ಕೈಯಲ್ಲಿ ಬರೆದ ಚಿತ್ರ, ಪಕ್ಕದಲ್ಲಿ ಕೆಂಪು ಶಾಯಿಯಲ್ಲಿ ಟ್ರೈನರ್ ಟಿಪ್ಪಣಿ: "ಶಾಫ್ಟ್ ಅಳತೆ ತಪ್ಪು, ಯಾಕೆ ಅಂತ ಬರಿ." ಎರಡನೆಯ ಕಡೆ ಸ್ಟೈಪೆಂಡ್ ಕಡಿಮೆಯಿದ್ದರೂ ಅಲ್ಲಿಗೇ ಸೇರಿ.

ಆಮೇಲೆ ಕೇಳಬೇಕಾದ್ದು: ನನಗೆ ಕಲಿಸುವವರು ಯಾರು, ಅವರ ಹೆಸರೇನು? ಹೆಸರು ಹೇಳಲು ತಡವರಿಸಿದರೆ ಟ್ರೈನರ್ ಇಲ್ಲ ಅಂತಲೇ ಅರ್ಥ. ಎಷ್ಟು ವಿಭಾಗ ಸುತ್ತಿಸುತ್ತೀರಿ, ಡಿಸೈನ್ ಮತ್ತು ಕ್ವಾಲಿಟಿ ಅದರಲ್ಲಿ ಇದೆಯಾ? ಓದಿಗೆ ಬಿಡುವ ದಿನ ಯಾವುದು, ಆ ದಿನ ಸಂಬಳ ಹಿಡಿಯುತ್ತೀರಾ? ಮುಗಿದ ಮೇಲೆ ಕೊಡುವ ಸರ್ಟಿಫಿಕೇಟ್ ನಿಮ್ಮದಾ, ಸರ್ಕಾರ ಅಥವಾ ಮಂಡಳಿ ಕೊಡುವುದಾ? ಹಿಂದಿನ ಬ್ಯಾಚಿನವರು ಈಗ ಎಲ್ಲಿದ್ದಾರೆ? ಎಲ್ಲರೂ ಕೆಲಸ ಬಿಟ್ಟು ಹೋಗಿದ್ದರೆ ಕೆಟ್ಟ ಲಕ್ಷಣ ಅಂತ ಗೊತ್ತೇ ಇದೆ. ಎಲ್ಲರೂ ಅದೇ ಮೆಷಿನ್ ಮುಂದೆ ಅದೇ ಹುದ್ದೆಯಲ್ಲಿ ನಿಂತಿದ್ದರೂ ಅಷ್ಟೇ ಕೆಟ್ಟದ್ದು.

ಬಿಟ್ಟುಹೋಗುವ ನಿಯಮವನ್ನೂ ಓದಿ. ಜರ್ಮನಿಯಲ್ಲಿ ಮೊದಲ ಒಂದರಿಂದ ನಾಲ್ಕು ತಿಂಗಳು ಪ್ರೊಬೇಷನ್. ಆಗ ಇಬ್ಬರಲ್ಲಿ ಯಾರು ಬೇಕಾದರೂ ಬೇಡ ಅನ್ನಬಹುದು. ಆಮೇಲೂ ಈ ಕಸುಬೇ ಬೇಡ ಅನಿಸಿದರೆ ಅಪ್ರೆಂಟಿಸ್ ನಾಲ್ಕು ವಾರದ ನೋಟಿಸ್ ಕೊಟ್ಟು ಹೊರಡಬಹುದು. ನಿಮ್ಮ ಕರಾರಿನಲ್ಲಿ ಇಂಥದ್ದು ಇಲ್ಲದೆ ಬರೀ ಬಾಂಡ್ ಮೊತ್ತ ಮಾತ್ರ ದಪ್ಪ ಅಕ್ಷರದಲ್ಲಿದ್ದರೆ ಇನ್ನೊಂದು ಸಲ ಯೋಚಿಸಿ.

ಹಣದ ವಿಷಯ ಒಂದೇ ಮಾತಲ್ಲಿ ಮುಗಿಸುತ್ತೇನೆ. ಮೊದಲ ನಾಲ್ಕು ವರ್ಷದ ಲೆಕ್ಕದಲ್ಲಿ ಅಪ್ರೆಂಟಿಸ್ ಗೆಲ್ಲುತ್ತಾನೆ, ಅದಕ್ಕೆ ಕ್ಯಾಲ್ಕುಲೇಟರ್ ಬೇಡ. ಟೆಕ್ನಿಷಿಯನ್ ಸಂಬಳ ಆ ಕಂಪನಿಯಲ್ಲಿ ಎಲ್ಲಿಗೆ ಬಂದು ನಿಲ್ಲುತ್ತದೆ, ಅದರ ಮೇಲಿನ ಹುದ್ದೆಗೆ ಏನು ಕಾಗದ ಕೇಳುತ್ತಾರೆ ಅನ್ನುವುದು ನೀವು ತಿಳಿಯಬೇಕಾದ ಅಂಕಿ.

ಆಮೇಲೆ ದಾರಿ ಬದಲಿಸಬಹುದಾ?

ಬದಲಿಸಬಹುದು. ಎಷ್ಟು ಸುಲಭ ಅನ್ನುವುದು ಆ ದೇಶದ ವ್ಯವಸ್ಥೆಯ ಮೇಲಿದೆ. ಸ್ವಿಟ್ಜರ್ಲೆಂಡಿನಲ್ಲಿ ಅಪ್ರೆಂಟಿಸ್‌ಶಿಪ್ ಜೊತೆಗೇ ಇನ್ನೊಂದು ಪರೀಕ್ಷೆ ಬರೆದರೆ ಅನ್ವಯಿಕ ವಿಜ್ಞಾನದ ವಿಶ್ವವಿದ್ಯಾಲಯಕ್ಕೆ ನೇರ ಹೋಗಬಹುದು. ಜರ್ಮನಿಯಲ್ಲಿ ಕಸುಬು ಕಲಿತು, ಮೇಲಿನ ಪರೀಕ್ಷೆ ಪಾಸಾಗಿ ಮೈಸ್ಟರ್ (ಕಸುಬಿನ ಗುರು) ಆದವರನ್ನು ಅರ್ಹತೆಯ ಪಟ್ಟಿಯಲ್ಲಿ ಬ್ಯಾಚುಲರ್ ಪದವಿಯ ಸಾಲಿನಲ್ಲೇ, ಆರನೇ ಹಂತದಲ್ಲಿ, ಇಟ್ಟಿದ್ದಾರೆ. ಭಾರತದಲ್ಲಿ ಡಿಪ್ಲೊಮಾ ಮಾಡಿದವರು ಲ್ಯಾಟರಲ್ ಎಂಟ್ರಿಯಲ್ಲಿ ಬಿ.ಇ. ಎರಡನೇ ವರ್ಷಕ್ಕೆ ಸೇರಬಹುದು. ಹಾಗಾಗಿ ಡಿಪ್ಲೊಮಾಗೂ ಬರೀ ಟ್ರೇಡ್ ಸರ್ಟಿಫಿಕೇಟಿಗೂ ನಡುವೆ ಆಯ್ಕೆ ಬಂದರೆ ಈ ಬಾಗಿಲನ್ನು ಲೆಕ್ಕಕ್ಕೆ ತೆಗೆದುಕೊಳ್ಳಿ.

ಬಾಗಿಲು ತೆರೆದಿದ್ದರೂ ಒಳಗೆ ಹೋಗುವುದು ಸಲೀಸಲ್ಲ. ನಾನು ಸಂಜೆ ಕಾಲೇಜಿಗೆ ಸೇರಿದಾಗ ಕ್ಯಾಲ್ಕುಲಸ್ ಮುಟ್ಟಿ ಐದು ವರ್ಷವಾಗಿತ್ತು. ಶಿಫ್ಟ್ ಮುಗಿಸಿ, ಕೈಗೆ ಅಂಟಿದ ಕೂಲೆಂಟ್ ವಾಸನೆ ಹೋಗದೆ, ರಾತ್ರಿ ಎಂಟಕ್ಕೆ ಡಿಫರೆನ್ಷಿಯಲ್ ಈಕ್ವೇಷನ್ ಎದುರು ಕೂರುತ್ತಿದ್ದೆ. ಮೊದಲ ಸೆಮಿಸ್ಟರ್ ಗಣಿತದಲ್ಲಿ ಫೇಲಾದೆ. ಅಪ್ರೆಂಟಿಸ್ ಆಗಿರುವಾಗಲೇ ವಾರಕ್ಕೆ ಎರಡು ಗಂಟೆ ಗಣಿತ ಮಾಡಿಕೊಂಡಿದ್ದರೆ ಆ ಸೆಮಿಸ್ಟರ್ ಉಳಿಯುತ್ತಿತ್ತು. ಯಾರೂ ಹೇಳಿರಲಿಲ್ಲ, ನಾನೂ ಕೇಳಿರಲಿಲ್ಲ. ಉಲ್ಟಾ ದಿಕ್ಕಿನಲ್ಲಿ, ಪದವಿ ಮುಗಿಸಿ ವರ್ಕ್‌ಶಾಪಿಗೆ ಇಳಿಯುವವರಿಗೆ ಓದು ಅಡ್ಡಿಯಲ್ಲ. ತನಗಿಂತ ಚಿಕ್ಕವರ ಹತ್ತಿರ "ಇದು ಹೇಗೆ ಅಂತ ತೋರಿಸಿ" ಅಂತ ಕೇಳಲು ನಾಲಿಗೆ ಏಳುವುದಿಲ್ಲ. ಮೂಲೆ ಚೂಪು ಮಾಡಿದ ಆ ಎಂಜಿನಿಯರ್ ಮಾತ್ರ ಮರುದಿನವೇ ಕೆಳಗೆ ಬಂದು ಆ ಹುಡುಗಿಯ ಪಕ್ಕ ಒಂದು ಗಂಟೆ ನಿಂತಿದ್ದ.

ಇನ್ನೂ ಗೊಂದಲ ಇದ್ದರೆ

ಶಾಲೆಯಲ್ಲಿ ಗಣಿತ, ಭೌತಶಾಸ್ತ್ರ ಖುಷಿಯಿಂದ ಮಾಡುತ್ತಿದ್ದೀರಾ, ಫೀಸಿಗೆ ದಾರಿ ಇದೆಯಾ? ಪದವಿಗೆ ಹೋಗಿ, ಜೊತೆಗೆ ಡಿಗ್ರಿ ಅಪ್ರೆಂಟಿಸ್‌ಶಿಪ್‌ಗೂ ಅರ್ಜಿ ಹಾಕಿ. ಕೈಕೆಲಸ ಇಷ್ಟ, ಕ್ಲಾಸಿನಲ್ಲಿ ಕೂರೋಕೆ ಆಗಲ್ಲ ಅನ್ನುವವರು, ಮನೆಗೆ ಈಗಲೇ ದುಡ್ಡು ಬೇಕಾದವರು ವರ್ಕ್‌ಶಾಪಿನ ದಾರಿ ಹಿಡಿಯಬಹುದು. ಆದರೆ ಮುಂದಿನ ಓದಿಗೆ ಬಾಗಿಲಿರುವ ಕಡೆಯೇ ಸೇರಿ.

ಎರಡರ ನಡುವೆ ತೂಗಾಡುತ್ತಿರುವವರಿಗೆ ಸ್ವಿಟ್ಜರ್ಲೆಂಡಿನವರ ಒಂದು ಪದ್ಧತಿ ಕಡ ತರಬಹುದು. ಅಲ್ಲಿ ಅಪ್ರೆಂಟಿಸ್ ಆಗಿ ಸೇರುವ ಮೊದಲು ಹುಡುಗರು ಕೆಲವು ದಿನ ಆ ವರ್ಕ್‌ಶಾಪಿಗೆ ಸುಮ್ನೆ ಹೋಗಿ ಬರುತ್ತಾರೆ. ಬರೀ ನೋಡುವುದು, ಸಣ್ಣಪುಟ್ಟ ಕೆಲಸಕ್ಕೆ ಕೈ ಹಾಕುವುದು. ನಿಮ್ಮಲ್ಲಿ ಅಂಥ ವ್ಯವಸ್ಥೆ ಇಲ್ಲದಿದ್ದರೂ, "ಒಂದು ವಾರ ಬಂದು ನೋಡಬಹುದಾ?" ಅಂತ ಕೇಳಿದರೆ ಒಪ್ಪುವ ಫೋರ್‌ಮನ್‌ಗಳು ಸಿಗುತ್ತಾರೆ. ಸೇಫ್ಟಿ ಶೂ ಹಾಕಿಕೊಂಡು ಹೋಗಿ, ಉದ್ದ ತೋಳಿನ ಸಡಿಲ ಬಟ್ಟೆ ಬೇಡ. ಮೊದಲ ದಿನ ಎಲ್ಲರಿಗೂ ಚೆನ್ನಾಗೇ ಇರುತ್ತದೆ. ಐದನೇ ದಿನ ಬೆಳಿಗ್ಗೆ ಎದ್ದಾಗ ಹೇಗನಿಸುತ್ತೆ ನೋಡಿಕೊಳ್ಳಿ.